ಊರೇ ಹೆಸರಾದ ಬಗೆ

ಮಕ್ಕಳೇ, ನಿಮ್ಮ ತರಗತಿಯಲ್ಲಿ ಯಡಿಯೂರಪ್ಪ ಎಂಬ ಹುಡುಗ ಇದ್ದಾನೆಯೇ? ಬಹುಶಃ ಇರಲಾರ. ಆದರೆ ಈ ಹೆಸರನ್ನು ಕೇಳದ ಕನ್ನಡಿಗರೂ ಇರಲಾರರು. ಎಲ್ಲರಿಗೂ ಗೊತ್ತು, ಇಟ್ಟುಕೊಂಡವರು ಮಾತ್ರ ಅಪರೂಪ. ಹೆಸರುಗಳ ಲೋಕದಲ್ಲಿ ಇದೊಂದು ವಿಚಿತ್ರ!

ತುಮಕೂರಿನ ಮರಳೂರಿನಿಂದ ಕುಣಿಗಲ್ ರಸ್ತೆ ಹಿಡಿದು ಹೊರಡಿ. ದೊಡ್ಡ ಗಣಪನಿಗೆ ಹೆಸರಾದ ಗೂಳೂರು ಮೊದಲು ಸಿಗುತ್ತದೆ. ಕುಣಿಗಲ್ ತಲುಪಿ, ಹಾಸನದ ಹೆದ್ದಾರಿಗೆ ತಿರುಗಿ ಮುಂದೆ ಹೋದರೆ ಯಡಿಯೂರು. ಕೆಲವರು ಎಡೆಯೂರು ಎಂದೂ ಬರೆಯುತ್ತಾರೆ. ಪದದ ಮೊದಲಿನ ‘ಎ’ ನಮ್ಮ ಬಾಯಲ್ಲಿ ‘ಯೆ’ ಆಗುವುದು ಹೊಸದೇನಲ್ಲ. ‘ಎಲ್ಲಿ’ ಎಂದು ಬರೆದು ‘ಯೆಲ್ಲಿ’ ಎನ್ನುವುದಿಲ್ಲವೇ?

ಇಲ್ಲಿರುವುದು ತೋಂಟದ ಸಿದ್ಧಲಿಂಗೇಶ್ವರರ ಗದ್ದುಗೆ. ಅವರು ನೂರಾರು ವಚನಗಳನ್ನು ಬರೆದ ಶರಣರು. ಸಮೀಪದ ಕಗ್ಗೆರೆಯ ತೋಟವೊಂದರಲ್ಲಿ ತಪಸ್ಸಿಗೆ ಕುಳಿತಾಗ ಮೈಮೇಲೆ ಹುತ್ತವೇ ಬೆಳೆಯಿತು, ಹಸುವೊಂದು ಬಂದು ಅದರ ಮೇಲೆ ಹಾಲು ಸುರಿಸುತ್ತಿತ್ತು ಎಂಬುದು ಐತಿಹ್ಯ. ‘ತೋಂಟದ’ ಎಂಬ ಮಾತು ಅವರಿಗೆ ಅಂಟಿಕೊಂಡದ್ದು ಆ ತೋಟದಿಂದ. ನಮ್ಮ ಗೂಳೂರಿನ ಸಿದ್ಧವೀರಣ್ಣೊಡೆಯರು ‘ಶೂನ್ಯಸಂಪಾದನೆ’ಯನ್ನು ಪರಿಷ್ಕರಿಸಿ ಬರೆದದ್ದೂ ಈ ಗುರುಪರಂಪರೆಯಲ್ಲೇ.

ಹಿಂದೆ ಹುಟ್ಟಿದ ಕೂಸು ಉಳಿಯುವುದೇ ಕಷ್ಟವಾಗಿತ್ತು. ಮಗು ಬದುಕಿದರೆ ನಿನ್ನ ಹೆಸರಿಡುತ್ತೇವೆ ಎಂದು ತಾಯಂದಿರು ಮನೆದೇವರಿಗೆ ಹರಕೆ ಹೊರುತ್ತಿದ್ದರು. ಹಾಗೆ ಉಳಿದ ಮಕ್ಕಳು ಸಿದ್ದಲಿಂಗಪ್ಪ, ಸಿದ್ದಲಿಂಗಮ್ಮ ಆದರು. ದೇವರ ಊರಿಗೇ ‘ಅಪ್ಪ’ ಸೇರಿಸಿದರೆ ಯಡಿಯೂರಪ್ಪ.

ಮಾಜಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಹುಟ್ಟಿದ್ದು 1943ರಲ್ಲಿ, ಮಂಡ್ಯ ಜಿಲ್ಲೆಯ ಬೂಕನಕೆರೆಯಲ್ಲಿ. ಹೆಸರು ಬಂದದ್ದು ಯಡಿಯೂರು ಕ್ಷೇತ್ರದಿಂದ. ಹೆಸರಿನ ಮುಂದಿನ ‘ಬಿ’ ಹುಟ್ಟೂರು. ‘ಎಸ್’ ತಂದೆ ಸಿದ್ದಲಿಂಗಪ್ಪ. ತಂದೆಯದು ಗುರುವಿನ ಹೆಸರು, ಮಗನದು ಗುರುವಿನ ಊರು! 2007ರಲ್ಲಿ ಅವರು ಇಂಗ್ಲಿಷ್ ಕಾಗುಣಿತದಲ್ಲಿ ‘ಐ’ ತೆಗೆದು ಇನ್ನೊಂದು ‘ಡಿ’ ಹಾಕಿಕೊಂಡರು. 2019ರಲ್ಲಿ ಮತ್ತೆ ಹಳೆಯದಕ್ಕೇ ಮರಳಿದರು. ಕನ್ನಡದಲ್ಲಿ ಕರೆಯುವವರಿಗೆ ಇದರಿಂದ ಏನೂ ವ್ಯತ್ಯಾಸವಾಗಲಿಲ್ಲ ಬಿಡಿ.

ಊರನ್ನೇ ಮಗುವಿಗೆ ಇಡುವವರು ದೂರದ ಸ್ಕಾಟ್ಲೆಂಡಿನಲ್ಲೂ ಇದ್ದಾರೆ. ಅಲ್ಲಿನ ಪುಟ್ಟ ದ್ವೀಪ ಅಯೋನಾದಲ್ಲಿ ಸಂತ ಕೊಲಂಬ 563ರಲ್ಲಿ ಮಠ ಕಟ್ಟಿದ. ಆ ದ್ವೀಪದ ಹೆಸರು ಈಗ ಹೆಣ್ಣುಮಕ್ಕಳ ಹೆಸರೂ ಹೌದು. ಅಯೋನಾ ಚಿಕ್ಕದು, ಕಿವಿಗೆ ಇಂಪು. ಹೊಸ ಕಾಲಕ್ಕೆ ಸುಲಭವಾಗಿ ಹೊಂದಿಕೊಂಡಿತು. ಯಡಿಯೂರಪ್ಪನಿಗೆ ಆ ಅದೃಷ್ಟ ಕಡಿಮೆ. ಎರಡಕ್ಷರದ ಹೆಸರು ಹುಡುಕುವ ಅಪ್ಪ–ಅಮ್ಮಂದಿರಿಗೆ ಇದು ಉದ್ದ, ಹಳತು. ಶಾಲೆಯಲ್ಲಿ ಗೆಳೆಯರು ನಕ್ಕಾರೆಂಬ ಅಳುಕು ಬೇರೆ. ಹರಕೆಯನ್ನು ಮುರಿಯಲೂ ಮನಸ್ಸಿಲ್ಲ.

ಅದಕ್ಕೆ ಅಜ್ಜಿಯರು ದಾರಿ ಕಂಡುಕೊಂಡಿದ್ದಾರೆ. ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕಿವಿಯಲ್ಲಿ ಮನೆದೇವರ ಹೆಸರು ಹೇಳುತ್ತಾರೆ. ಜನನ ಪತ್ರದಲ್ಲಿ ಅಪ್ಪ–ಅಮ್ಮ ಆರಿಸಿದ ಹೆಸರು ಬರೆಸುತ್ತಾರೆ. ನಿಮಗೂ ಹಾಗೊಂದು ತೊಟ್ಟಿಲ ಹೆಸರು ಇದ್ದೀತು, ಮನೆಯಲ್ಲಿ ಕೇಳಿ ನೋಡಿ.