ಬರೆವಣಿಗೆಗೊಬ್ಬ ಜೊತೆಗಾತಿ

ನಮ್ಮಲ್ಲಿ ಅನೇಕರು ಹೊಸ ವರ್ಷದಂದು ದಿನಚರಿಯ ಪುಸ್ತಕವೊಂದನ್ನು ತೆರೆದು, ದಿನಕ್ಕೊಂದು ಪುಟವನ್ನಾದರೂ ಬರೆಯುವೆವೆಂದು ಸಂಕಲ್ಪಿಸುವುದುಂಟು. ತಿಂಗಳು ತುಂಬುವುದರೊಳಗಾಗಿ ಪುಟಗಳು ಬರಿದಾಗಿ ಉಳಿಯುವುವು. ಇದಕ್ಕೆ ಬುದ್ಧಿಯ ಕೊರತೆಯಾಗಲಿ ವಿಷಯದ ಅಭಾವವಾಗಲಿ ಕಾರಣವಲ್ಲ. ಬರೆದರೂ ಬಿಟ್ಟರೂ ಕೇಳುವವರಿಲ್ಲದಿರುವುದೇ ಕಾರಣ. ಮರುದಿನ ಒಪ್ಪಿಸಬೇಕೆಂದಲ್ಲವೇ ನಾವು ಪದ್ಯಗಳನ್ನು ಕಂಠಪಾಠಮಾಡುವುದು? ಬರೆವಣಿಗೆಗೂ ಹಾಗೆ ಒಪ್ಪಿಸಿಕೊಳ್ಳುವವಳೊಬ್ಬಳು ಬೇಕು.

ಇಂಗ್ಲೆಂಡಿನ ಹಾವರ್ತ್ ಎಂಬ ಗ್ರಾಮದಲ್ಲಿ ಪಾದ್ರಿಯೊಬ್ಬರ ಪುತ್ರಿಯರಾಗಿದ್ದ ಷಾರ್ಲೆಟ್, ಎಮಿಲಿ, ಆನ್ ಬ್ರಾಂಟೆ ಎಂಬ ಸಹೋದರಿಯರ ಚರಿತ್ರೆಯು ಇದಕ್ಕೆ ನಿದರ್ಶನವಾಗಿದೆ. ರಾತ್ರಿ ಒಂಬತ್ತು ಗಂಟೆಯಾಗುತ್ತಲೇ ಅವರು ಹೊಲಿಗೆಯನ್ನು ಮಡಿಸಿಟ್ಟು, ಕೋಣೆಯಲ್ಲಿ ಅತ್ತಿಂದಿತ್ತ ನಡೆಯುತ್ತ, ತಾವು ಬರೆಯುತ್ತಿದ್ದ ಕಥೆಗಳನ್ನು ಕುರಿತು ಮಾತನಾಡುತ್ತಿದ್ದರು. ವಾರಕ್ಕೆ ಒಂದೆರಡು ಸಲ ಒಬ್ಬೊಬ್ಬಳೂ ತಾನು ಬರೆದುದನ್ನು ಉಳಿದಿಬ್ಬರಿಗೆ ಓದಿ ಹೇಳುತ್ತಿದ್ದಳು. ೧೮೪೭ನೆಯ ಇಸವಿಯಲ್ಲಿ ಮೂವರ ಕಾದಂಬರಿಗಳೂ ಅಚ್ಚಾದುವು. ತಂಗಿಯರ ಟೀಕೆಯಿಂದ ಷಾರ್ಲೆಟಳು ತನ್ನ ಬರೆಹವನ್ನು ಬದಲಾಯಿಸಿದುದು ಅಪರೂಪವೆಂದೂ, ಆದರೂ ಆ ಓದು ಮೂವರಿಗೂ ಬಹು ಉತ್ಸಾಹಕರವಾಗಿತ್ತೆಂದೂ ಆಕೆಯ ಚರಿತ್ರೆಯನ್ನು ೧೮೫೭ರಲ್ಲಿ ಪ್ರಕಟಿಸಿದ ಶ್ರೀಮತಿ ಗ್ಯಾಸ್ಕೆಲ್ ಅವರು ತಿಳಿಸುತ್ತಾರೆ. ಇದರಿಂದ ಜೊತೆಗಾತಿಯ ಮುಖ್ಯ ಕೆಲಸವು ತಿದ್ದುವುದಲ್ಲ, ಕಾದಿರುವುದು ಎಂದು ನಮಗೆ ಸ್ಪಷ್ಟವಾಗುತ್ತದೆ.

ಆದುದರಿಂದ ತರಗತಿಯಲ್ಲಿ ಮೊದಲನೆಯವಳನ್ನೇ ಆರಿಸಬೇಕಾಗಿಲ್ಲ. ಕೊಟ್ಟ ಮಾತನ್ನು ನಡೆಸುವವಳೂ, ತಾನೂ ಬರೆಯುವವಳೂ, ಕೇಳಿದುದನ್ನು ಹೊರಗೆ ಆಡದವಳೂ ಆದರೆ ಸಾಕು. ವಾರದಲ್ಲಿ ಒಂದು ದಿನವನ್ನೂ ಒಂದು ವೇಳೆಯನ್ನೂ ಗೊತ್ತುಮಾಡಿಕೊಳ್ಳಬೇಕು. ಹತ್ತು ಪುಟಗಳ ಪ್ರತಿಜ್ಞೆಗಿಂತ ತಪ್ಪದ ಹತ್ತು ಸಾಲುಗಳು ಲೇಸು. ಒಬ್ಬಳು ಬರಿಗೈಯಲ್ಲಿ ಬಂದರೆ ಮತ್ತೊಬ್ಬಳು ಹೀಯಾಳಿಸಲೂಬಾರದು, ಸುಮ್ಮನೆ ಬಿಡಲೂಬಾರದು, "ಏಕೆ ಬರೆಯಲಿಲ್ಲ? ಮುಂದಿನ ವಾರ ಏನು ತರುವೆ?" ಎಂದು ಸ್ನೇಹದಿಂದ ಕೇಳಬೇಕು. ಹೊಗಳಿಕೆಯನ್ನೇ ಕೊಟ್ಟುಕೊಳ್ಳುವ ಗೆಳೆತನವು ಬರೆಹಕ್ಕೆ ಬಲವನ್ನು ಕೊಡಲಾರದು. ತಪ್ಪನ್ನೇ ಹುಡುಕುವ ಗೆಳೆತನವು ಲೇಖನಿಯನ್ನೇ ಕೆಳಗಿಡಿಸುವುದು.

ಎಮಿಲಿಯು ೧೮೪೮ರ ಡಿಸೆಂಬರಿನಲ್ಲಿಯೂ ಆನ್‌ಳು ೧೮೪೯ರ ಮೇ ತಿಂಗಳಿನಲ್ಲಿಯೂ ತೀರಿಕೊಂಡರು. ಷಾರ್ಲೆಟಳು ಅದೇ ಕೋಣೆಯಲ್ಲಿ ರಾತ್ರಿ ಒಬ್ಬಳೇ ನಡೆಯುತ್ತಿದ್ದಳು. ಆ ಹೆಜ್ಜೆಯ ಸಪ್ಪಳವನ್ನು ಕೇಳಿ ಮನೆಯ ಸೇವಕಿಯು ಮರುಗುತ್ತಿದ್ದಳು. ಆದರೆ ಅರ್ಧಕ್ಕೆ ನಿಂತಿದ್ದ "ಶರ್ಲಿ" ಎಂಬ ಕಾದಂಬರಿಯನ್ನು ಆಕೆ ಬಿಡಲಿಲ್ಲ. ಅದು ಅದೇ ವರ್ಷ ಪೂರ್ಣವಾಗಿ ಪ್ರಕಟವಾಯಿತು. ಕೇಳುವವರು ಇಲ್ಲವಾದರೂ ಅವರೊಡನೆ ಬೆಳೆದ ಅಭ್ಯಾಸವು ಆಕೆಯ ಕೈಬಿಡಲಿಲ್ಲ.

ನಾವೂ ಈ ಶಾಲೆಯ ಬಾಗಿಲನ್ನು ದಾಟಿ ಬೇರೆ ಬೇರೆ ಊರುಗಳನ್ನು ಸೇರುವೆವು. ಮನೆಗೆಲಸದ ನಡುವೆ ಮೊದಲು ಮರೆಯಾಗುವುದು ಲೇಖನಿಯೇ. ಆದುದರಿಂದ ಪಕ್ಕದ ಬೆಂಚಿನಲ್ಲಿ ಕುಳಿತಿರುವವಳನ್ನು ಇಂದೇ ಕೇಳೋಣ. ದೂರವಾದ ಮೇಲೆ ಕಾಗದಗಳ ಮೂಲಕವಾದರೂ ಒಬ್ಬರಿಗೊಬ್ಬರು ಒಪ್ಪಿಸೋಣ.