ಮಲ್ಲಟದ ಹೊಲದಲ್ಲಿ ನೂರಾ ಒಂದು ಮೀಟರ್

ಬದುವಿನ ಮೇಲಿನ ಜಾಲಿ ಗಿಡಕ್ಕೆ ಟೇಪಿನ ತುದಿ ಸಿಕ್ಕಿಸಿ ಹೊರಟಾಗ ಬೆಳಗಿನ ಏಳು. ಸಿರವಾರ ತಾಲ್ಲೂಕಿನ ಮಲ್ಲಟ; ಹೊಲ ನಮ್ಮ ಕಾಕಾನದು. ಹತ್ತಿ ಬಿಡಿಸಿ ಮುಗಿದು, ಕಟ್ಟಿಗೆ ಕಿತ್ತು ಮೂಲೆಗೆ ಒಟ್ಟಿದ್ದಾರೆ. ಎರೆ ಮಣ್ಣು ಒಣಗಿ ಬಾಯಿ ಬಿಟ್ಟಿದೆ.

"ಏನ್ ಅಳಿಯಾಕತ್ತೀಯೋ ತಮ್ಮಾ? ಹೊಲ ಮಾರಾಕ ಗಿರಾಕಿ ಹಿಡಕೊಂಡು ಬಂದೀಯೇನು?" ಎಂದರು ಕಾಕಾ.

"ಇಲ್ಲ ಕಾಕಾ. ಚಂದ್ರನ ಮ್ಯಾಲೆ ನಮ್ಮ ಗಾಡಿ ಎಷ್ಟು ದೂರ ಹೋತು ಅಂತ ನೋಡಾಕ."

ಕಾಕಾನ ಮೊಮ್ಮಗ, ಏಳನೇ ಇಯತ್ತೆಯವನು, ಟೇಪಿನ ಇನ್ನೊಂದು ತುದಿ ಹಿಡಿದು ಓಡಿದ. 101.4 ಮೀಟರ್. ಜಾಲಿಯಿಂದ ಹೊರಟರೆ ಆಚೆ ಬದುವಿನ ಬೇವಿನ ಮರ ಮುಟ್ಟುವುದಕ್ಕೂ ಸ್ವಲ್ಪ ಕಡಿಮೆ. ಗೂಟ ನೆಟ್ಟು ಹಿಂದಿರುಗಿ ನೋಡಿದವನ ಮುಖ ಸಣ್ಣದಾಗಿತ್ತು. "ಇಷ್ಟ ಏನು ಮಾಮಾ?"

ಇಷ್ಟೇ. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ಲ್ಯಾಂಡರ್ ವಿಕ್ರಮ್ ಚಂದ್ರನ ಮೇಲೆ ಇಳಿಯಿತು. ಕೆಲವು ಗಂಟೆಗಳ ನಂತರ ಅದರ ಹೊಟ್ಟೆಯಿಂದ ಇಳಿಜಾರು ಹಲಗೆಯ ಮೇಲೆ ರೋವರ್ ಪ್ರಜ್ಞಾನ್ ಉರುಳಿಕೊಂಡು ಬಂತು. 26 ಕಿಲೊ ತೂಕ, ಆರು ಗಾಲಿ, 50 ವಾಟ್‌ನ ಸೋಲಾರ್ ಹಲಗೆ. ಮನೆಯ ಹಳೇ ಬಲ್ಬು ಉರಿಯುವುದಕ್ಕೆ ಬೇಕಾದಷ್ಟು ಕರೆಂಟು. ಸೆಪ್ಟೆಂಬರ್ 2ರ ಹೊತ್ತಿಗೆ ಇಷ್ಟು ದೂರ ನಡೆದಿತ್ತು.

ಹುಡುಗನಿಗೆ ಲೆಕ್ಕ ಕೊಟ್ಟೆ. ಸೆಕೆಂಡಿಗೆ ಒಂದು ಸೆಂಟಿಮೀಟರ್ ವೇಗ, ಎಷ್ಟು ಹೊತ್ತಾಗುತ್ತದೆ? ನೆಲದ ಮೇಲೆ ಕಡ್ಡಿಯಿಂದ ಗೀಚಿ ಹೇಳಿದ: ಮೂರು ತಾಸಿಗೂ ಕಡಿಮೆ. ಸರಿ. ಹಾಗಾದರೆ ಹತ್ತು ದಿನ ಏನು ಮಾಡುತ್ತಿತ್ತು? ಆ ಪ್ರಶ್ನೆಗಾಗಿಯೇ ನಾನು ಟೇಪು ತಂದದ್ದು.

ಜಾಲಿಯಿಂದ 5 ಮೀಟರಿಗೆ ಮೊದಲ ಗೂಟ ನೆಟ್ಟೆವು. ಒಂದು ಸಲಕ್ಕೆ ಗಾಡಿ ನಡೆಯುತ್ತಿದ್ದುದು ಹೆಚ್ಚೆಂದರೆ ಇಷ್ಟು. ಅದರ ಮುಂದೆ ಎರಡು ಕ್ಯಾಮೆರಾ ಕಣ್ಣು, ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋದ ಲಿಯೋಸ್ ಪ್ರಯೋಗಾಲಯದಲ್ಲಿ ತಯಾರಾದವು. ಒಂದೇ ನೆಲದ ಎರಡು ಫೋಟೊ, ತುಸು ಬೇರೆ ಬೇರೆ ಜಾಗದಿಂದ. ಪ್ರಜ್ಞಾನ್‌ಗೆ ಭೂಮಿಯ ಜೊತೆ ನೇರ ಮಾತಿಲ್ಲ. ಫೋಟೊ ವಿಕ್ರಮ್‌ಗೆ ಹೋಗಬೇಕು, ಅಲ್ಲಿಂದ ಭೂಮಿಗೆ. ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲಿ ಇಂಥ ದೂರದ ಮಾತು ಕೇಳಲು 32 ಮೀಟರ್ ಅಗಲದ ಬುಟ್ಟಿಯಂಥ ಆಂಟೆನಾ ಆಕಾಶ ನೋಡುತ್ತ ಕೂತಿದೆ. ಬಂದ ಎರಡು ಚಿತ್ರ ಕೂಡಿಸಿ ನೆಲದ ಏರುತಗ್ಗಿನ ನಕ್ಷೆ ಮಾಡುತ್ತಾರೆ. ನಕ್ಷೆ ಮುಂದಿಟ್ಟುಕೊಂಡು ಹಾದಿ ಗೊತ್ತುಮಾಡುತ್ತಾರೆ, ಆಜ್ಞೆ ಬರೆಯುತ್ತಾರೆ, ಕಳಿಸುತ್ತಾರೆ. ಒಂದು ನಡಿಗೆಗೂ ಇನ್ನೊಂದಕ್ಕೂ ನಡುವೆ ಸುಮಾರು 5 ಗಂಟೆ.

"ಒಂದ್ ಕಣ್ಣು ಮುಚ್ಚಿ ಆ ಹೆಂಟಿ ಮುಟ್ಟು" ಎಂದೆ. ಹುಡುಗ ಬಗ್ಗಿ ಕೈ ಚಾಚಿದ. ಬೆರಳು ನಾಲ್ಕಿಂಚು ಈಚೆಗೇ ನಿಂತಿತು. ಎರಡು ಕಣ್ಣು ಯಾಕೆ ಎಂದು ಬೇರೆ ಹೇಳಬೇಕಾಗಲಿಲ್ಲ.

ಎರಡನೇ ಗೂಟದ ಹತ್ತಿರ ಎಳೆ ಬಿಸಿಲಲ್ಲಿ ನಮ್ಮ ನೆರಳೇ ಬದುವಿನವರೆಗೆ ಚಾಚಿತ್ತು. ಪ್ರತಿ ಹೆಂಟಿಯ ಹಿಂದೆ ಒಂದೊಂದು ಕರಿ ಪಟ್ಟಿ. ಬಿರುಕು ಯಾವುದು, ನೆರಳು ಯಾವುದು? ಕಾಲಿಟ್ಟೇ ನೋಡಬೇಕು. ವಿಕ್ರಮ್ ಇಳಿದದ್ದು ದಕ್ಷಿಣಕ್ಕೆ 69 ಡಿಗ್ರಿ ದಾಟಿದ ಜಾಗ. ಅಲ್ಲಿ ಸೂರ್ಯ ನೆತ್ತಿಗೆ ಬರುವುದೇ ಇಲ್ಲ. ನಮ್ಮ ಮಲ್ಲಟದ ಮುಂಜಾವಿನ ಮೋಸ ಅಲ್ಲಿ ದಿನವಿಡೀ.

ಇಪ್ಪತ್ತನೇ ಮೀಟರಿನ ಸುಮಾರಿಗೆ ಒಂದು ಕಲ್ಲು. ಹುಡುಗ ಬೆರಳು ಅಡ್ಡ ಇಟ್ಟು ಅಳೆದ: ಮೂರು ಬೆರಳು, ಅಂದರೆ 5 ಸೆಂಟಿಮೀಟರ್ ಹತ್ತಿರ ಹತ್ತಿರ. ಪ್ರಜ್ಞಾನ್ ಹತ್ತಬಹುದಾಗಿದ್ದ ಎತ್ತರ ಇಷ್ಟೇ. ಇದರ ಮೇಲೆ ಎತ್ತಿನ ಬಂಡಿ ಹೋದರೆ ಬಂಡಿಯೇ ಒಂದು ಬದಿಗೆ ಎದ್ದು ಕುಕ್ಕುತ್ತದೆ, ಕೂತವನ ಸೊಂಟಕ್ಕೆ ಗೊತ್ತಾಗುತ್ತದೆ. ರೋವರ್‌ಗೆ ಸ್ಪ್ರಿಂಗ್ ಇಲ್ಲ. ಎರಡೂ ಮಗ್ಗುಲಿಗೆ ಕೀಲುಳ್ಳ ತೋಳು. ಒಂದು ಗಾಲಿ ಕಲ್ಲೇರಿದಾಗ ತೋಳು ಬಾಗುತ್ತದೆ, ಉಳಿದ ಐದು ಗಾಲಿ ನೆಲ ಬಿಡುವುದಿಲ್ಲ, ಮೇಲಿನ ಡಬ್ಬಿ ಅರ್ಧದಷ್ಟೇ ವಾಲುತ್ತದೆ. ಇದನ್ನು ರಾಕರ್-ಬೋಗಿ ಎನ್ನುತ್ತಾರೆ. 1997ರಲ್ಲಿ ಮಂಗಳದಲ್ಲಿ ಇಳಿದ ನಾಸಾದ ಪುಟ್ಟ ಸೋಜರ್ನರ್‌ಗೂ ಇದೇ ಕಾಲು. ಅದು ನಡೆದದ್ದೂ ಸರಿಸುಮಾರು ನೂರೇ ಮೀಟರ್, ಮೂರು ತಿಂಗಳಲ್ಲಿ. ಹುಡುಗನಿಗೆ ಈಗ ತುಸು ಸಮಾಧಾನ.

ತಿರುಗುವುದು ಹೇಗೆ? ಇದಕ್ಕೆ ಉತ್ತರ ಕಾಕಾನ ಬಳಿಯೇ ಇತ್ತು. ಟ್ರ್ಯಾಕ್ಟರ್ ಮೂಲೆಯಲ್ಲಿ ಹೊರಳಿಸುವಾಗ ಒಂದೇ ಕಡೆಯ ಬ್ರೇಕು ಒತ್ತುತ್ತಾರೆ. ಆ ಬದಿಯ ಗಾಲಿ ನಿಂತು, ಆಚೆಯದು ತಿರುಗಿ, ಗಾಡಿ ನಿಂತಲ್ಲೇ ಮಗ್ಗುಲಾಗುತ್ತದೆ. ಪ್ರಜ್ಞಾನ್‌ದೂ ಅದೇ ಜಾತಿ: ಗಾಲಿ ಓರೆ ಮಾಡುವ ಮೋಟಾರು ಇಲ್ಲ, ಎಡಬಲದ ವೇಗ ಹೆಚ್ಚುಕಡಿಮೆ ಮಾಡಿ ಹೊರಳಿಸುವುದು. "ಹಂಗಾರ ನಾನೂ ಓಡಸ್ತೀನಿ ತಗೋ" ಎಂದರು ಕಾಕಾ.

ಓಡಿಸಬಹುದಿತ್ತೇನೋ, ಮಣ್ಣು ಬೇರೆ ಇರದಿದ್ದರೆ. ನಮ್ಮ ಎರೆ ನೀರು ಕುಡಿದು ಉಬ್ಬುವ, ಒಣಗಿ ಸೀಳುವ ಜಿಗುಟು ಮಣ್ಣು. ಚಂದ್ರನದು ಗಾಳಿ ನೀರು ಕಾಣದ ಪುಡಿ, ಕಣಕಣವೂ ಗಾಜಿನ ಚೂರಿನಂತೆ ಚೂಪು. ಅಂಥ ಮಣ್ಣಿಗಾಗಿ ಇಸ್ರೋದವರು ತಮಿಳುನಾಡಿನ ನಾಮಕ್ಕಲ್ ಕಡೆಯ ಅನಾರ್ಥೊಸೈಟ್ ಕಲ್ಲು ಪುಡಿಮಾಡಿಸಿ ಬೆಂಗಳೂರಿಗೆ ತಂದು, ಸೂರಿನಡಿ ಒಂದು ಚಂದ್ರನ ಅಂಗಳವನ್ನೇ ಹಾಸಿದರು. ತೂಕದ ತೊಡಕು ಬೇರೆ: ಅಲ್ಲಿ ಗುರುತ್ವ ಇಲ್ಲಿಯ ಆರನೇ ಒಂದು ಪಾಲು. ಅದಕ್ಕೆ ರೋವರ್‌ಗೆ ಹೀಲಿಯಂ ಬಲೂನು ಕಟ್ಟಿ ಭಾರ ಇಳಿಸಿ ನಡೆಸಿ ನೋಡಿದ್ದರು. ಜಾತ್ರೆಯ ಬಲೂನು ಕಟ್ಟಿಕೊಂಡು ಪರೀಕ್ಷೆ ಬರೆದ ಗಾಡಿ! ನನಗೆ ಇಡೀ ಚಂದ್ರಯಾನದಲ್ಲಿ ಅತಿ ಇಷ್ಟವಾದ ಚಿತ್ರ ಇದು.

ಕಾಲುವೆ ನೀರು ಹಾಯ್ದ ಗದ್ದೆಯ ಅಂಚಿನಲ್ಲಿ ಬಂಡಿ ಹೂತಾಗ ಎತ್ತು ಜಗ್ಗಿದಷ್ಟೂ ಗಾಲಿ ಇಳಿಯುವುದನ್ನು ಈ ಸೀಮೆಯವರು ಕಂಡೇ ಇರುತ್ತಾರೆ. ಮಂಗಳದಲ್ಲಿ ನಾಸಾದ ರೋವರ್ ಸ್ಪಿರಿಟ್‌ಗೆ ಆದದ್ದೂ ಅದೇ: 2009ರಲ್ಲಿ ಮೆತ್ತನೆಯ ಮಣ್ಣಿಗೆ ಸಿಕ್ಕಿ ಮತ್ತೆ ಏಳಲಿಲ್ಲ. ಅದಕ್ಕೂ ಮೊದಲು, 2006ರಲ್ಲಿ, ಅದರ ಮುಂದಿನ ಒಂದು ಗಾಲಿ ತಿರುಗುವುದು ನಿಂತಿತ್ತು. ಆ ಸತ್ತ ಗಾಲಿಯನ್ನು ಎಳೆದುಕೊಂಡು ಹಿಂದುಹಿಂದಕ್ಕೆ ನಡೆಯುವಾಗ ಅದು ಕುಂಟೆಯ ಹಾಗೆ ನೆಲ ಕೆರೆದು, ಒಳಗಿನ ಬಿಳಿ ಸಿಲಿಕಾ ಮೇಲೆ ಬಂತು. ಒಂದು ಕಾಲದಲ್ಲಿ ಅಲ್ಲಿ ಬಿಸಿನೀರೋ ಹಬೆಯೋ ಇತ್ತು ಎಂಬುದಕ್ಕೆ ಸಾಕ್ಷಿ ಸಿಕ್ಕಿದ್ದು ಆ ಗೀರಿನಿಂದ.

ಅರವತ್ತು ದಾಟಿದ ಮೇಲೆ ತೆಗ್ಗು. ಮಾಳಿಗೆಗೆ ಮಣ್ಣು ತೆಗೆದ ಜಾಗ, ಅಡ್ಡ ನಾಲ್ಕು ಮೀಟರ್ ಇರಬಹುದು. ನಾವು ಮೂರು ಮೀಟರ್ ಈಚೆಗೆ ನಿಂತೆವು. ಆಗಸ್ಟ್ 27ರಂದು ಪ್ರಜ್ಞಾನ್ ನಿಂತದ್ದೂ ಇಂಥದೇ ಜಾಗದಲ್ಲಿ: ಎದುರಿಗೆ 4 ಮೀಟರ್ ಅಗಲದ ಕುಳಿ, ನಡುವೆ 3 ಮೀಟರ್ ನೆಲ. ಬಂದ ಹಾದಿಯಲ್ಲೇ ಹಿಂದಕ್ಕೆ ಬಾ ಎಂದು ಆಜ್ಞೆ ಹೋಯಿತು, ಬಂತು. ಚಂದ್ರನಿಗೆ ಸಂದೇಶ ಹೋಗಲು ಸೆಕೆಂಡಿಗಿಂತ ತುಸು ಹೆಚ್ಚು ಸಾಕು. ಕೇಳಿ ನಡೆಯುವ ಪುರುಸೊತ್ತು ಇದೆ. ಮಂಗಳಕ್ಕಾದರೆ ಹಲವು ನಿಮಿಷ. ಹಾಗಾಗಿ ಅಲ್ಲಿಯ ನಾಸಾ ರೋವರ್ ಪರ್ಸಿವಿಯರೆನ್ಸ್ ನಡೆಯುತ್ತಲೇ ತನ್ನ ನಕ್ಷೆ ತಾನೇ ಮಾಡಿಕೊಳ್ಳುವಂತೆ ಪ್ರೋಗ್ರಾಂ ಬರೆದಿದ್ದಾರೆ. ರಾತ್ರಿ ನೀರು ಕಟ್ಟಲು ಹೋದವನು ಬ್ಯಾಟರಿ ಬಿಟ್ಟು, ನಿಂತು, ಹುಳುಹುಪ್ಪಟೆ ಇಲ್ಲವೆಂದು ಕಂಡು ಹೆಜ್ಜೆ ಎತ್ತುವುದಿಲ್ಲವೇ? ಅದನ್ನೇ ಸಾಲುಸಾಲಾಗಿ ಬರೆಯಬೇಕು: ಇಷ್ಟು ವಾಲಿದರೆ ನಿಲ್ಲು, ಗಾಲಿ ತಿರುಗಿದಷ್ಟು ಮುಂದೆ ಸರಿಯದಿದ್ದರೆ ನಿಲ್ಲು. ನಡೆ ಎನ್ನುವ ಸಾಲಿಗಿಂತ ನಿಲ್ಲು ಎನ್ನುವ ಸಾಲಿಗೇ ತಲೆ ಹೆಚ್ಚು ಬೇಕು.

ತೆಗ್ಗು ಬಳಸಿಕೊಂಡು ಕೊನೆಯ ಗೂಟ ಮುಟ್ಟಿದಾಗ ಬಿಸಿಲು ಚುರುಕಾಗಿತ್ತು. "ಈಗ ಎಲ್ಲೈತಿ ಆ ಗಾಡಿ?" ಕಾಕಾ ಕೇಳಿದರು.

"ಅಲ್ಲೇ ಐತಿ. ಹದಿನಾಲ್ಕು ದಿನದ ರಾತ್ರಿ ಬಂತು, ಮಲಗಿಸಿದರು. ಸೆಪ್ಟೆಂಬರ್ 22ಕ್ಕೆ ಎಬ್ಬಿಸಾಕ ನೋಡಿದರು, ಏಳಲಿಲ್ಲ."

"ಅದರ ಗಾಲಿ ಗುರುತು?"

"ಅವೂ ಅದಾವ. ಗಾಳಿ ಇಲ್ಲಲ್ಲ."

ಕಾಕಾ ಸ್ವಲ್ಪ ಹೊತ್ತು ನಾವು ನಡೆದು ಬಂದ ಸಾಲು ನೋಡಿದರು. ಆಮೇಲೆ ಮೊಮ್ಮಗನ ಕಡೆ ತಿರುಗಿ, "ಗೂಟ ಎಲ್ಲಾ ಕಿತ್ತು ಬದುವಿಗೆ ಹಾಕಲೇ, ನಾಳೆ ಟ್ರ್ಯಾಕ್ಟರ್ ಬರೋದೈತಿ" ಎಂದರು.