ಕುಂಟೆಬಿಲ್ಲೆ ನೆನಪಿದೆಯೇ ಅಕ್ಕಾ?

ನಾವೆಲ್ಲ ಚಿಕ್ಕವರಿದ್ದಾಗ ಆಡಿದವರೇ. ಅಂಗಳದಲ್ಲಿ ಇದ್ದಿಲಿನಿಂದ ಮನೆ ಬರೆದು ಕುಂಟೆಬಿಲ್ಲೆ ಆಡಿದೆವು. ಹೆಂಚಿನ ಚೂರೇ ನಮ್ಮ ಬಿಲ್ಲೆ. ಮರಕೋತಿ ಆಡಿ ಮಂಡಿ ತರಚಿಕೊಂಡೆವು. ಶ್ರೀರಂಗಪಟ್ಟಣ, ಪಾಂಡವಪುರದ ಕಡೆಯವರು ನಾಲೆಯಲ್ಲಿ ಈಜಿದ್ದೂ ಉಂಟು. (ಈಗ ಮಕ್ಕಳನ್ನು ಒಬ್ಬೊಬ್ಬರೇ ನಾಲೆಗೆ ಬಿಡಬೇಡಿ.) ನಾಗಮಂಗಲ, ಕೆ.ಆರ್. ಪೇಟೆ ಕಡೆ ದನ ಮೇಯಿಸುತ್ತ ಹೊಲದ ತುಂಬ ಓಡಿದವರಿದ್ದೇವೆ.

ಒಂದು ದಿನ ಆಟ ನಿಂತುಹೋಯಿತು. "ಇನ್ನು ಸಾಕು ಬಾರವ್ವಾ. ದೊಡ್ಡವಳಾದೆ. ಗಂಡು ಹುಡುಗರ ಹಂಗೆ ನೆಗೀಬೇಡ" ಅಂದರು. ತಮ್ಮ ಆಡುತ್ತಲೇ ಇದ್ದ. ನಾವು ಬಿಂದಿಗೆ ಹಿಡಿದು ನೀರಿಗೆ ಹೊರಟೆವು.

ಈಗ ಯಾಕೆ ಈ ಮಾತು ಅಂತೀರಾ? ಚಿಕ್ಕಂದಿನ ಆಟಕ್ಕೂ ದೊಡ್ಡವರಾದ ಮೇಲಿನ ಆರೋಗ್ಯಕ್ಕೂ ನಂಟಿದೆಯೇ? ಇದನ್ನು ತಿಳಿಯಲು ಕೆಲವರು ವರ್ಷಗಟ್ಟಲೆ ಹುಡುಕಿದ್ದಾರೆ. ಪಿಎಚ್.ಡಿ. ಓದುವವರ ಕೆಲಸವೇ ಅದು. ಒಂದು ಪ್ರಶ್ನೆ ಹಿಡಿದು, ವರ್ಷಗಟ್ಟಲೆ ಅದರ ಬೆನ್ನು ಹತ್ತಿ, ಕಂಡದ್ದನ್ನು ಬರೆದು ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸುತ್ತಾರೆ. ಆಮೇಲೆ ಅವರೂ ಡಾಕ್ಟರು. ಸೂಜಿ ಹಾಕುವ ಡಾಕ್ಟರಲ್ಲ!

ಹುಡುಕೋದಕ್ಕೆ ಎರಡು ದಾರಿ ಇವೆ. ಒಂದು, ದೊಡ್ಡವರನ್ನೇ ಕೇಳುವುದು. ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾನಿಲಯದವರು ಹೀಗೆ ಕೇಳಿದರು. 18ರಿಂದ 40 ವರ್ಷದ ಸಾವಿರಕ್ಕೂ ಹೆಚ್ಚು ಜನರನ್ನು ಕೇಳಿ, ಉತ್ತರವನ್ನು 2018ರಲ್ಲಿ ಪ್ರಕಟಿಸಿದರು. ಶಾಲೆಯ ಆಟದ ಪೀರಿಯಡ್ ಅಂದರೆ ಏನು ನೆನಪಾಗುತ್ತದೆ ಎಂಬುದು ಪ್ರಶ್ನೆ. ಕೆಲವರು ಖುಷಿ ಅಂದರು. ಕೆಲವರಿಗೆ ನೆನಪಾದದ್ದು ಅವಮಾನ. ಬೇರೆ ಮಕ್ಕಳು ನಕ್ಕದ್ದು ಅವರ ಮನಸ್ಸಿನಲ್ಲಿ ಹಾಗೇ ಉಳಿದಿತ್ತು. ಆಟದ ಪೀರಿಯಡ್ ಬೇಡ ಅನ್ನಿಸಿದ್ದವರು ದೊಡ್ಡವರಾದ ಮೇಲೂ ಹೆಚ್ಚು ಹೊತ್ತು ಕೂತೇ ಇರುತ್ತಿದ್ದರು.

ಆದರೆ ನೆನಪನ್ನು ಪೂರ್ತಿ ನಂಬೋ ಹಾಗಿಲ್ಲ. ಮದುವೆಯಲ್ಲಿ ಯಾರು ಯಾವ ಸೀರೆ ಉಟ್ಟಿದ್ದರು ಅಂತ ಅಕ್ಕ ಒಂದು ಹೇಳಿದರೆ ತಂಗಿ ಇನ್ನೊಂದು ಹೇಳುತ್ತಾಳೆ. ಅದಕ್ಕೇ ಎರಡನೆಯ ದಾರಿ. ಮಕ್ಕಳ ಜೊತೆಗೇ ವರ್ಷ ವರ್ಷ ಸಾಗುವುದು. ಫಿನ್ಲೆಂಡ್ ಎಂಬ ಹಿಮ ಬೀಳುವ ದೇಶದಲ್ಲಿ 1980ರಲ್ಲಿ ಇದು ಶುರುವಾಯಿತು. 3ರಿಂದ 18 ವರ್ಷದ 3,596 ಮಕ್ಕಳ ವಿವರ ಬರೆದುಕೊಂಡರು. 21 ವರ್ಷ ಕಳೆದ ಮೇಲೂ ಅವರನ್ನು ಹುಡುಕಿ ಕೇಳಿದರು. ಚಿಕ್ಕಂದಿನಲ್ಲಿ ಹಲವು ವರ್ಷ ಬಿಡದೆ ಆಡಿದವರು ದೊಡ್ಡವರಾದ ಮೇಲೂ ಹೆಚ್ಚು ಚಟುವಟಿಕೆಯಿಂದ ಇದ್ದರು. ನಂಟು ಇರುವುದು ನಿಜ. ಆದರೆ ಅದು ಬಿಚ್ಚಲಾಗದ ಗಂಟಲ್ಲ. ಆಡದೆ ಬೆಳೆದವರೂ ಆಮೇಲೆ ಶುರುಮಾಡಬಹುದು.

ಮೂಳೆಯ ಲೆಕ್ಕ ಮಾತ್ರ ಬೇರೆ. ಓಡಿದಾಗ, ನೆಗೆದಾಗ ಮೂಳೆಯ ಮೇಲೆ ಭಾರ ಬೀಳುತ್ತೆ. ಭಾರ ಬಿದ್ದಷ್ಟೂ ಬೆಳೆಯುವ ಮೂಳೆ ಗಟ್ಟಿಯಾಗುತ್ತೆ. ಸುಮಾರು 30 ವರ್ಷದೊಳಗೆ ಮೂಳೆಗೆ ಬರಬೇಕಾದ ಗಟ್ಟಿತನ ಬಂದುಬಿಡುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಬೇಗ ಸವೆಯುತ್ತದೆ. ಹಾಗಿರುವಾಗ 12-13ರ ಹುಡುಗಿಯ ಆಟ ಬಿಡಿಸಿದರೆ ಏನಾಯಿತು? ಕಾಸು ಕೂಡಿಡೋ ಹೊತ್ತಲ್ಲೇ ಹುಂಡಿಯ ಬಾಯಿ ಮುಚ್ಚಿದಂತಾಯಿತು. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಓಡಾಟ, ಆಟ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗಂಡು ಮಕ್ಕಳಿಗೆ ಎಂದು ಹೇಳಿಲ್ಲ. ಮಕ್ಕಳಿಗೆ ಎಂದು ಹೇಳಿದೆ. ಮಗಳು ಆಡುವ ಆ ಒಂದು ಗಂಟೆ ಮಗ ಪಾತ್ರೆ ತೊಳೆಯಲಿ, ಏನಾಗುತ್ತೆ?

"ನಾವು ಬೆಳಗಿಂದ ದುಡೀತೀವಲ್ಲ, ನಮಗ್ಯಾಕೆ ವ್ಯಾಯಾಮ?" ಅಂತ ಕೇಳುತ್ತೀರಿ. ಸರಿಯಾದ ಪ್ರಶ್ನೆ. ದೊಡ್ಡವರಿಗೆ ವಾರಕ್ಕೆ 150 ನಿಮಿಷವಾದರೂ ಬೇಕು ಎಂದು 2020ರಲ್ಲಿ ಅದೇ ಸಂಸ್ಥೆ ಹೇಳಿತು. ಹೊಲದ ಕೆಲಸ, ಮನೆಗೆಲಸ ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತೆ. ದಿನವಿಡೀ ಬಗ್ಗಿ ನಾಟಿ ಹಾಕುವ ಅಕ್ಕನಿಗೆ ವ್ಯಾಯಾಮ ಮಾಡು ಅಂದರೆ ನಗು ಬರುತ್ತೆ. ಅವಳಿಗೆ ಬೇಕಾದ್ದು ಹೊಟ್ಟೆ ತುಂಬ ಊಟ, ಸರಿಯಾದ ಕೂಲಿ, ಸೊಂಟ ನೀಡಿ ಮಲಗೋಕೆ ಒಂದಿಷ್ಟು ಹೊತ್ತು. ಆದರೆ ನಲ್ಲಿ ಬಂತು, ಮಿಕ್ಸಿ ಬಂತು. ಹೊಲಕ್ಕೆ ಹೋಗದವರು ಈಗ ನಮ್ಮಲ್ಲಿ ಬಹಳ ಜನ. ಸಕ್ಕರೆ ಕಾಯಿಲೆಯೂ ಬಿ.ಪಿ.ಯೂ ಹಳ್ಳಿಗೆ ಬಂದಿವೆ. ಅಂಥವರು ವಾರದಲ್ಲಿ ಐದು ದಿನ, ಅರ್ಧ ಗಂಟೆ ಬಿರುಸಾಗಿ ನಡೆದರೆ ಸಾಕು, 150 ನಿಮಿಷ ಆಯಿತು. ಜೊತೆಗೆ ನಾಲ್ಕು ಜನ ಇದ್ದರೆ ಮಾತೂ ಆಗುತ್ತೆ. ಕರಿಘಟ್ಟದ ಮೆಟ್ಟಿಲು, ಮೇಲುಕೋಟೆ ಬೆಟ್ಟದ ಮೆಟ್ಟಿಲು ಹತ್ತಬಲ್ಲವರು ಹತ್ತಲಿ.

ವಯಸ್ಸಾಯಿತು, ನಾಚಿಕೆ ಆಗುತ್ತೆ ಅನ್ನುವವರಿಗೆ ಒಂದು ನಿಜವಾದ ಕತೆ ಹೇಳುತ್ತೇವೆ. ಪಕ್ಕದ ತಮಿಳುನಾಡಿನಲ್ಲಿ ಪುದುಕ್ಕೋಟ್ಟೈ ಎಂಬ ಜಿಲ್ಲೆ ಇದೆ. 1991-92ರಲ್ಲಿ ಅಲ್ಲೂ ನಮ್ಮ ಹಾಗೇ ಸಾಕ್ಷರತಾ ಆಂದೋಲನ ನಡೆಯಿತು. ಆಗ ಶೀಲಾ ರಾಣಿ ಚುಂಕತ್ ಅಲ್ಲಿಯ ಕಲೆಕ್ಟರ್. ಅಕ್ಷರದ ಜೊತೆಗೆ ಹೆಂಗಸರಿಗೆ ಸೈಕಲ್ ತುಳಿಯುವುದನ್ನೂ ಕಲಿಸಿದರು. ಕೂಲಿಯವರು, ಕಲ್ಲು ಕ್ವಾರಿಯವರು, ಅಂಗನವಾಡಿಯವರು ಸಾವಿರಾರು ಜನ ಕಲಿತರು. ಚಿಕ್ಕಂದಿನಲ್ಲಿ ಯಾರೂ ಅವರಿಗೆ ಸೈಕಲ್ ಕೊಟ್ಟಿರಲಿಲ್ಲ. ಗಂಡಸರು ಆಡಿಕೊಂಡರು. ಇವರು ಕೇಳಿಸಿಕೊಂಡರು, ತುಳಿದರು. ಕೊನೆಗೆ ಅಂಗಡಿಗಳಲ್ಲಿ ಲೇಡೀಸ್ ಸೈಕಲ್ಲೇ ಸಾಲದೆ ಬಂತು. ಆಗ ಗಂಡಸರ ಸೈಕಲ್ಲನ್ನೇ ಹತ್ತಿದರು. ಕೆಲವರಿಗೆ ಅದೇ ಮೇಲು ಅನ್ನಿಸಿತು. ಮುಂದೆ ಅಡ್ಡ ಕಂಬಿ ಇರುತ್ತಲ್ಲ, ಅದರ ಮೇಲೆ ಮಗುವನ್ನು ಕೂರಿಸಿಕೊಂಡು ಹೋಗಬಹುದು!